ಓಣಿ ತೋಟ ಹುಡುಗರ ಕೈಗೆ: ರಾಯಚೂರಿನ ಬಿಸಿಲಿಗೂ ಮಣ್ಣಿಗೂ ಹೊಂದುವ ಸಮಗ್ರ ಮಾರ್ಗದರ್ಶಿ

ರಾಯಚೂರು ಜಿಲ್ಲೆಯ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ನೆಲ್ಲು, ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುವ ಸೀಮೆ. ಲಿಂಗಸುಗೂರು ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ಆದರೂ ಪಟ್ಟಣದ ಓಣಿಗಳಲ್ಲಿ ಬೆಳೆಯುವ ಎಷ್ಟೋ ಮಕ್ಕಳು ಕಪ್ಪು ಮಣ್ಣಿನ ಲಕ್ಷಣಗಳನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ, ಆ ಮಣ್ಣನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಒಂದು ಓಣಿ ತೋಟ ಇದ್ದರೆ ಈ ಕೊರತೆ ತುಂಬುತ್ತದೆ.

ಈ ಬರಹ 12ರಿಂದ 20 ವರ್ಷದ ಹುಡುಗ ಹುಡುಗಿಯರನ್ನು ಸೇರಿಸಿ ತೋಟ ಮಾಡಬೇಕು ಅನ್ನುವ ಓಣಿಯ ಹಿರಿಯರಿಗೆ, ಶಿಕ್ಷಕರಿಗೆ, ಎನ್‌ಎಸ್‌ಎಸ್‌ನಲ್ಲಿರುವ ಕಾಲೇಜು ವಿದ್ಯಾರ್ಥಿಗಳಿಗೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ಮಕ್ಕಳು ಪುಕ್ಕಟೆ ಕೂಲಿಗಳಲ್ಲ. ನೀರು ಹೊರು, ಕಸ ಗುಡಿಸು ಅಂತ ಹೇಳಿಸಿಕೊಂಡು ಮಾಡಿದ ಕೆಲಸದಲ್ಲಿ ಅವರು ಕಲಿಯುವುದು ಕಡಿಮೆ. ಏನು ಬಿತ್ತಬೇಕು, ಯಾವಾಗ ನೀರು ಬಿಡಬೇಕು, ಹುಳ ಬಿದ್ದರೆ ಏನು ಮಾಡಬೇಕು ಅಂತ ತಾವೇ ತೀರ್ಮಾನ ಮಾಡಿದಾಗ ಕಲಿಕೆ ಶುರುವಾಗುತ್ತದೆ. ಮುಂದಿನ ಪ್ರತಿ ಹಂತದಲ್ಲೂ ಹಿರಿಯರ ಪಾಲು ಎಷ್ಟು, ಮಕ್ಕಳ ಪಾಲು ಎಷ್ಟು ಅನ್ನುವುದನ್ನು ಇದೇ ಲೆಕ್ಕದಲ್ಲಿ ಹಂಚಿದ್ದೇನೆ.

ಹಂತ 1: ಜಾಗ ಮತ್ತು ಅನುಮತಿ

ಹುಡುಕಿದರೆ ಜಾಗ ಸಿಗುತ್ತದೆ. ಬಡಾವಣೆಯ ಪಾರ್ಕಿನ ಒಂದು ಮೂಲೆ, ಶಾಲೆಯ ಹಿಂದಿನ ಬಯಲು, ಅಂಗನವಾಡಿ ಅಂಗಳ, ಗುಡಿ ಅಥವಾ ದರ್ಗಾದ ಕಂಪೌಂಡು, ಯಾರದೋ ಖಾಲಿ ಪ್ಲಾಟು. ಮೊದಲ ವರ್ಷಕ್ಕೆ 30 ಅಡಿ ಉದ್ದ, 20 ಅಡಿ ಅಗಲ ಇದ್ದರೆ ಸಾಕು. ದೊಡ್ಡ ಜಾಗ ಹಿಡಿದು ಅರ್ಧ ಒಣಗಿಸುವುದಕ್ಕಿಂತ ಇದು ವಾಸಿ.

ಪಾರ್ಕು ಮತ್ತು ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಒಂದು ಕಾಯ್ದೆಯೇ ಇದೆ. ಹಾಗಾಗಿ ಸಾರ್ವಜನಿಕ ಜಾಗದಲ್ಲಿ ಬಾಯಿಮಾತಿನ ಒಪ್ಪಿಗೆ ನಂಬಿ ಗುದ್ದಲಿ ಹಾಕಬೇಡಿ. ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅರ್ಜಿಯನ್ನು ಮಕ್ಕಳೇ ಬರೆಯಲಿ. ಪತ್ರಲೇಖನಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಖಾಸಗಿ ಪ್ಲಾಟಾದರೆ ಮಾಲೀಕರಿಂದ ಕನಿಷ್ಠ 2 ವರ್ಷದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಮನೆ ಕಟ್ಟುವಾಗ ಖಾಲಿ ಮಾಡುತ್ತೇವೆ ಅಂತ ಅದರಲ್ಲೇ ಬರೆಯಿರಿ, ಅವರಿಗೂ ನೆಮ್ಮದಿ.

ಎರಡು ಕಡೆ ಮಾತ್ರ ತೋಟ ಬೇಡವೇ ಬೇಡ. ಒಂದು, ವರ್ಷಗಟ್ಟಲೆ ಕಸ ಸುಟ್ಟ ಅಥವಾ ಬ್ಯಾಟರಿ, ಪೇಂಟು, ಎಣ್ಣೆ ಸುರಿದ ಜಾಗ. ಇನ್ನೊಂದು, ಗಟಾರದ ನೀರು ನುಗ್ಗುವ ಜಾಗ. ಸೊಪ್ಪಿನ ಗಿಡಗಳು ನೆಲದಲ್ಲಿರುವ ವಿಷವನ್ನು ಎಲೆಗೆ ಏರಿಸಿಕೊಳ್ಳುತ್ತವೆ. ಗಟಾರದ ನೀರಿನ ರೋಗಾಣು ಎಲೆಯ ಮೇಲೆ ಕೂರುತ್ತದೆ. ಮಕ್ಕಳು ತಿನ್ನುವ ಪಲ್ಯ ಅದು, ಅಲ್ವಾ?

ಹಂತ 2: ಮೊದಲು ನೀರು, ಆಮೇಲೆ ಬೀಜ

ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲೂ ಸೆಪ್ಟೆಂಬರ್‌ನಲ್ಲಿ ಜಾಸ್ತಿ. ಜೂನ್ 5ರ ಪರಿಸರ ದಿನಕ್ಕೆ ಉತ್ಸಾಹದಿಂದ ಸಸಿ ನೆಡುತ್ತೇವೆ. ಆಗಿನ್ನೂ ನೆಲದ ಕಾವು ಇಳಿದಿರುವುದಿಲ್ಲ, ಮಿರಗದ ಮಳೆ ಕೈಕೊಟ್ಟರೆ ಸಸಿ ಒಣಗುತ್ತದೆ. ಒಣಗಿದ ಸಸಿ ನೋಡಿದ ಮಗು ಮತ್ತೆ ತೋಟಕ್ಕೆ ಬರಲು ಹಿಂಜರಿಯುತ್ತದೆ. ಆ ದಿನ ಜಾಗ ಹಸನು ಮಾಡಿ, ಗೊಬ್ಬರದ ಗುಂಡಿ ತೋಡಿ, ಬೀಜ ಪರೀಕ್ಷೆ ಮಾಡಿ. ಬಿತ್ತುವುದು ಎರಡು ಒಳ್ಳೆ ಮಳೆ ಆದ ಮೇಲೆ.

ನೀರಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. 10 ಅಡಿ ಉದ್ದ, 3 ಅಡಿ ಅಗಲದ ಒಂದು ಮಡಿ ಅಂದರೆ ಸುಮಾರು 2.8 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಚಳಿಗಾಲದಲ್ಲಿ ತರಕಾರಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ ಬೇಕು, ಅಂದರೆ ಒಂದು ಮಡಿಗೆ 11 ಲೀಟರ್. ಏಪ್ರಿಲ್ ಬಿಸಿಲಲ್ಲಿ 7 ಮಿಲಿಮೀಟರ್ ದಾಟುತ್ತದೆ, ಆಗ 20 ಲೀಟರ್. 10 ಮಡಿ ಇದ್ದರೆ ಚಳಿಗಾಲದಲ್ಲಿ ದಿನಕ್ಕೆ 110 ಲೀಟರ್, ಬೇಸಿಗೆಯಲ್ಲಿ 200. ನಿಮ್ಮ ಓಣಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಇದರ ಪಕ್ಕ ಬರೆದರೆ, ಎಷ್ಟು ಮಡಿ ಸಾಧ್ಯ ಅಂತ ಅವರಿಗೇ ಗೊತ್ತಾಗುತ್ತದೆ. ನಾವು ಬೇಡ ಅನ್ನುವ ಅಗತ್ಯ ಬೀಳುವುದಿಲ್ಲ.

ಬೋರಿನ ನೀರಾದರೆ ಒಂದು ಕಪ್ಪು ತಟ್ಟೆಯಲ್ಲಿ ಸ್ವಲ್ಪ ಹಾಕಿ ಬಿಸಿಲಿಗೆ ಇಡಿ. ನೀರು ಆರಿದ ಮೇಲೆ ದಪ್ಪಗೆ ಬಿಳಿ ಪದರ ಉಳಿದರೆ ಉಪ್ಪು ಜಾಸ್ತಿ. ಅಂಥ ನೀರಿಗೆ ಪಾಲಕ್, ಚವಳಿಕಾಯಿ ಸ್ವಲ್ಪ ತಾಳುತ್ತವೆ. ಗಜ್ಜರಿ, ಉಳ್ಳಾಗಡ್ಡಿ, ಬೀನ್ಸ್ ತಾಳುವುದಿಲ್ಲ. ಕಾಲುವೆ ಕೊನೆಯ ಹೊಲಗಳು ಸವಳು ಬಿದ್ದ ಕಥೆ ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಅದು ಹೇಗಾಗುತ್ತದೆ ಅಂತ ಈ ತಟ್ಟೆ ತೋರಿಸುತ್ತದೆ.

ಪಕ್ಕದಲ್ಲಿ ಪತ್ರಾಸಿನ (ತಗಡಿನ) ಶೆಡ್ ಇದ್ದರೆ ಅದರ ಅಂಚಿಗೆ ಪೈಪ್ ಕೂರಿಸಿ ಡ್ರಮ್ಮಿಗೆ ಬಿಡಿ. 10 ಚದರ ಮೀಟರ್ ಪತ್ರಾಸಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರಿನ ಡ್ರಮ್ಮು ತುಂಬುತ್ತದೆ. ಡ್ರಮ್ಮಿಗೆ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಡೆಂಗಿ ಬರುತ್ತದೆ.

ಹಂತ 3: ಮಕ್ಕಳು, ವೇಳೆ, ಸುರಕ್ಷತೆ

ಶುರುವಿಗೆ 10ರಿಂದ 15 ಮಂದಿ ಸಾಕು. ಇಬ್ಬರು ಅಥವಾ ಮೂವರಿಗೆ ಒಂದು ಮಡಿ. ಆ ಮಡಿಗೆ ಅವರದೇ ಹೆಸರಿನ ಹಲಗೆ. ಮನೆಯವರ ಒಪ್ಪಿಗೆ ಪತ್ರ, ಫೋನ್ ನಂಬರು, ಅಲರ್ಜಿ ಅಥವಾ ಉಬ್ಬಸ ಇದ್ದರೆ ಅದರ ವಿವರ ಒಂದು ಪುಸ್ತಕದಲ್ಲಿರಲಿ. ಹೆಣ್ಣುಮಕ್ಕಳ ಮನೆಯವರು ಕೇಳುವ ಪ್ರಶ್ನೆಗಳು ನ್ಯಾಯವಾದವು: ಯಾರು ಇರುತ್ತಾರೆ, ಎಷ್ಟೊತ್ತಿಗೆ ಬಿಡುತ್ತೀರಿ, ಶೌಚಾಲಯ ಎಲ್ಲಿದೆ? ಉತ್ತರ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಪ್ರತಿ ಸಲ ಇಬ್ಬರು ಹಿರಿಯರು ಇರಲಿ, ಅದರಲ್ಲಿ ಒಬ್ಬರು ಹೆಂಗಸರು. ತೋಟದೊಳಗೆ ಗುದ್ದಲಿ ಹುಡುಗರಿಗೆ, ಕಸಬರಿಗೆ ಹುಡುಗಿಯರಿಗೆ ಅಂತ ಹಂಚಬೇಡಿ. ಎಲ್ಲರೂ ಎಲ್ಲ ಕೆಲಸ ಮಾಡಲಿ. ಕುಡಿಯುವ ನೀರಿನ ಕೊಡವೂ ಎಲ್ಲರಿಗೂ ಒಂದೇ ಇರಲಿ.

ಕಲಿಸುವವರು ಓಣಿಯಲ್ಲೇ ಸಿಗುತ್ತಾರೆ. ವರ್ಷಗಟ್ಟಲೆ ಸದೆ (ಕಳೆ) ತೆಗೆಯಲು, ಹತ್ತಿ ಬಿಡಿಸಲು ಹೋದ ಅಮ್ಮಂದಿರು, ಹೊಲ ಬಿಟ್ಟು ಪಟ್ಟಣಕ್ಕೆ ಬಂದ ಅಜ್ಜಂದಿರು. ಅವರನ್ನು ಮನೆಗೆ ಹೋಗಿ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ, ಮಕ್ಕಳು ಅವರಿಂದ ಕೇಳಿ ಬರೆದುಕೊಳ್ಳಲಿ. ಶಾಲೆಯಲ್ಲಿ ಸಿಗದ ವಿದ್ಯೆ ಅದು.

ವೇಳೆಯ ವಿಷಯದಲ್ಲಿ ಸಡಿಲ ಬೇಡ. ಜೂನ್‌ನಿಂದ ಫೆಬ್ರುವರಿವರೆಗೆ ಭಾನುವಾರ ಬೆಳಿಗ್ಗೆ 7ರಿಂದ 9, ವಾರದ ಮಧ್ಯೆ ಸಂಜೆ ಅರ್ಧ ತಾಸು ಸರದಿ ಪ್ರಕಾರ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಾರ್ಚ್‌ನಿಂದ ಬೆಳಿಗ್ಗೆ 6ಕ್ಕೆ ಬಂದು 7.30ಕ್ಕೆ ಮುಗಿಸಬೇಕು. ಟೋಪಿ ಅಥವಾ ಟವೆಲ್, ಮಜ್ಜಿಗೆ, ಓಆರ್‌ಎಸ್ ಪೊಟ್ಟಣ ಕಡ್ಡಾಯ. ತಲೆಸುತ್ತು, ವಾಂತಿ ಬಂದ ಮಗುವನ್ನು ನೆರಳಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಮಾತು ತೊದಲಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಕಲ್ಲಿನ ಗುಡ್ಡೆ, ಕಟ್ಟಿಗೆ ರಾಶಿ, ಗೊಬ್ಬರದ ಗುಂಡಿಯ ಅಂಚು ಚೇಳಿಗೂ ಹಾವಿಗೂ ಇಷ್ಟದ ಜಾಗ. ಕಲ್ಲನ್ನು ಬರಿಗೈಯಲ್ಲಿ ಎತ್ತಬಾರದು, ಮೊದಲು ಕೋಲಿನಿಂದ ಹೊರಳಿಸಬೇಕು. ಕಾಲಿಗೆ ಬೂಟು ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ನೇರ ರಿಮ್ಸ್‌ಗೆ (ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ. 10 ಮತ್ತು 16 ವರ್ಷಕ್ಕೆ ಹಾಕುವ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಆಗಿದೆಯಾ ಅಂತ ಸೇರಿಸಿಕೊಳ್ಳುವಾಗಲೇ ಕೇಳಿ. ಬೇಲಿಗೆ ಬಳ್ಳಾರಿ ಜಾಲಿ ಕಡಿದು ಹಾಕುವುದು ನಮ್ಮ ಕಡೆ ರೂಢಿ. ಆ ಮುಳ್ಳು ಚಪ್ಪಲಿ ತೂರಿ ಒಳಗೆ ಹೋಗುತ್ತದೆ, ಹಾಗಾಗಿ ಆ ಕೆಲಸ ಹಿರಿಯರದ್ದು. ಬೇಲಿ ಮಾತ್ರ ಬೇಕೇ ಬೇಕು, ಆಡು ಒಮ್ಮೆ ನುಗ್ಗಿದರೆ ಒಂದು ತಿಂಗಳ ಶ್ರಮ ಹೋಯಿತು.

ಹಂತ 4: ಮಣ್ಣು ಓದುವುದು

ನನ್ನ ಮಟ್ಟಿಗೆ ಇಡೀ ತೋಟದಲ್ಲಿ ಅತಿ ಹೆಚ್ಚು ಕಲಿಸುವ ಹಂತ ಇದೇ. ಎರಡು ಮೂರು ಭಾನುವಾರ ಇದಕ್ಕೇ ಕೊಡಿ, ಬಿತ್ತನೆಗೆ ಆತುರ ಬೇಡ.

ನಮ್ಮ ಭಾಗದಲ್ಲಿ ಎರಿ (ಕಪ್ಪು) ಮಣ್ಣೂ ಇದೆ, ಮಸಾರಿ (ಮರಳು ಮಿಶ್ರಿತ ಕೆಂಪು) ಮಣ್ಣೂ ಇದೆ. ನಿಮ್ಮ ಜಾಗದ್ದು ಯಾವುದು? ಉದ್ದನೆಯ ಪಾರದರ್ಶಕ ಬಾಟಲಿಯಲ್ಲಿ ಮೂರರಲ್ಲಿ ಒಂದು ಭಾಗ ಮಣ್ಣು ಹಾಕಿ. ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಹಾಕಿ, ಜೋರಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಎರಡು ತಾಸಿನಲ್ಲಿ ಅದರ ಮೇಲೆ ಕೂತದ್ದು ನುಣುಪು ಹೂಳು. ಒಂದೆರಡು ದಿನ ತೆಗೆದುಕೊಂಡು ಕೂತದ್ದು ಜೇಡಿ. ಪ್ರತಿ ಸಲ ಬಾಟಲಿಯ ಮೇಲೆ ಗೆರೆ ಎಳೆಯಿರಿ, ಸ್ಕೇಲಿನಿಂದ ಅಳೆದು ಶೇಕಡಾ ಲೆಕ್ಕ ಹಾಕಿ. ಎರಿ ಮಣ್ಣಾದರೆ ಜೇಡಿಯ ಪದರ ದಪ್ಪಗಿರುತ್ತದೆ, ನೀರು ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ.

ಈ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುವುದು ಇದಕ್ಕೇ. ಬಿರುಕಿನೊಳಗೆ ಕಡ್ಡಿ ಬಿಟ್ಟು ಆಳ ಅಳೆಯಲು ಹೇಳಿ. ಎರಿ ಭೂಮಿಯಲ್ಲಿ ಮನೆ ಗೋಡೆಗಳು ಯಾಕೆ ಸೀಳುತ್ತವೆ ಅಂತ ಆಮೇಲೆ ಅವರೇ ವಿವರಿಸುತ್ತಾರೆ.

ನೀರು ಇಂಗುವುದನ್ನೂ ನೋಡಬೇಕು. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಪೂರ್ತಿ ಇಂಗಿದ ಮೇಲೆ ಎರಡನೇ ಸಲ ತುಂಬಿ, ತಾಸಿಗೆ ಎಷ್ಟು ಬೆರಳು ಇಳಿಯಿತು ಅಂತ ಬರೆದುಕೊಳ್ಳಿ. ಮಸಾರಿಯಲ್ಲಿ ಬೇಗ ಇಳಿಯುತ್ತದೆ, ಎರಿಯಲ್ಲಿ ಬಹಳ ನಿಧಾನ. ಮಡಿ ಹೇಗೆ ಮಾಡಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಇನ್ನು ಹದ. ಎರಿ ಮಣ್ಣನ್ನು ಹಸಿಯಲ್ಲಿ ತುಳಿದರೆ ಗುದ್ದಲಿಗೆ ಅಂಟುತ್ತದೆ, ಆಮೇಲೆ ಹೆಂಟೆಗಳು ಕಲ್ಲಾಗುತ್ತವೆ. ಪೂರ್ತಿ ಒಣಗಿದರೆ ಗುದ್ದಲಿಯೇ ಇಳಿಯುವುದಿಲ್ಲ. ನಡುವೆ ಕೆಲವೇ ದಿನ ಹದ ಇರುತ್ತದೆ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ. ಪುಡಿಪುಡಿಯಾಗಿ ಬಿಚ್ಚಿಕೊಂಡರೆ ಹದ. ಉಂಡೆಯೇ ಕಟ್ಟದಿದ್ದರೆ ಒಣಗಿದೆ. ಮಳೆ ನಿಂತ ದಿನದಿಂದ ಪ್ರತಿ ಸಂಜೆ ಒಬ್ಬರು ಉಂಡೆ ಕಟ್ಟಿ ನೋಡಲಿ. "ನಾಳೆ ಹದಕ್ಕ ಬರತೈತಿ" ಅಂತ ಒಬ್ಬ ಹುಡುಗಿ ತಾನೇ ಹೇಳಿ, ಅದು ಸರಿಯಾದ ದಿನ ಅವಳಿಗೆ ಆಗುವ ಹೆಮ್ಮೆಯನ್ನು ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ.

ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ಐದಾರು ಕಡೆ 'ವಿ' ಆಕಾರದಲ್ಲಿ 6 ಇಂಚು ಆಳ ಕಡಿದು, ಬದಿಯ ಮಣ್ಣು ಕೆರೆದು, ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಕಟ್ಟಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ರಾಯಚೂರಿನವರಿಗೆ ಇಲ್ಲೇ ಇದೆ, ಕೊಪ್ಪಳ ಜಿಲ್ಲೆಯವರಿಗೆ ಗಂಗಾವತಿ, ಬಳ್ಳಾರಿಯವರಿಗೆ ಹಗರಿ. ಮಾದರಿ ಕೊಡಲು ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹಂತ 5: ಮಡಿ ಮತ್ತು ಗೊಬ್ಬರ

ಅಗಲ 3 ಅಡಿ ದಾಟಬಾರದು. ಎರಡೂ ಕಡೆಯಿಂದ ಕೈ ಎಟುಕಬೇಕು, ಮಡಿಯೊಳಗೆ ಯಾರೂ ಕಾಲಿಡಬಾರದು. ನಡುವೆ ಒಂದೂವರೆ ಅಡಿ ದಾರಿ. ಎರಿ ಮಣ್ಣಾದರೆ ಮಡಿ ನೆಲಕ್ಕಿಂತ 6 ಇಂಚು ಎತ್ತರ ಇರಲಿ, ಇಲ್ಲದಿದ್ದರೆ ಸೆಪ್ಟೆಂಬರ್ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿಯಾದರೆ ಉಲ್ಟಾ: ಮಡಿ ಸ್ವಲ್ಪ ತಗ್ಗು, ಸುತ್ತ ಒಡ್ಡು, ಹಾಕಿದ ನೀರು ಅಲ್ಲೇ ನಿಲ್ಲಲಿ.

ಒಂದು ಮಡಿಗೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸುಮಾರು 10 ಕಿಲೊ. ಹಸಿ ಸೆಗಣಿ ಹಾಕಿದರೆ ಗೊಣ್ಣೆ ಹುಳ, ಗೆದ್ದಲು ಬರುತ್ತವೆ. ಮುಂದಿನ ಹಂಗಾಮಿಗೆ ತೋಟದ್ದೇ ಗೊಬ್ಬರ ಮಾಡಿ. 3 ಅಡಿ ಉದ್ದ, ಅಗಲ, ಆಳದ ಎರಡು ಗುಂಡಿ. ಒಣಗಿದ ಬೇವಿನ ಎಲೆ, ರವದಿ, ನೆಲ್ಲು ಹುಲ್ಲು ಮೂರು ಪಾಲು, ಅಡಿಗೆ ಮನೆಯ ಹಸಿ ಕಸ ಒಂದು ಪಾಲು, ಮೇಲೆ ಒಂದು ಪದರ ಮಣ್ಣು. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ವಾರದ ನಂತರ ಒಂದು ಕಬ್ಬಿಣದ ಸಲಾಕೆ ನಡುವೆ ಚುಚ್ಚಿ ತೆಗೆದು ಮುಟ್ಟಿ ನೋಡಿ, ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ. ಬೆಂಕಿ ಇಲ್ಲದೆ ಈ ಕಾವು ಎಲ್ಲಿಂದ ಬಂತು? ಉತ್ತರವನ್ನು ತಕ್ಷಣ ಹೇಳಬೇಡಿ, ಒಂದು ವಾರ ತಲೆ ಕೆಡಿಸಿಕೊಳ್ಳಲಿ. 10 ದಿನಕ್ಕೊಮ್ಮೆ ಮಗುಚುತ್ತಿದ್ದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ.

ಹಂತ 6: ಏನು, ಯಾವಾಗ ಬಿತ್ತುವುದು

ಬಿತ್ತುವ ಮೊದಲು 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 16 ಮೊಳೆತರೆ ಶೇಕಡಾ 80. ಹತ್ತಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಬಿತ್ತುವ ಆಳ ಬೀಜದ ದಪ್ಪದ ಎರಡು ಮೂರು ಪಟ್ಟು.

ಜೂನ್ ಜುಲೈಗೆ ಪುಂಡಿ (ಗೋಂಗುರ) ಸೊಪ್ಪು, ಚವಳಿಕಾಯಿ, ಬೆಂಡಿಕಾಯಿ, ಬೇಲಿಗೆ ಹೀರಿಬಳ್ಳಿ. ಹೊಸಬರಿಗೆ ಪುಂಡಿಯೇ ಮೊದಲ ಬೆಳೆ ಆಗಲಿ ಅಂತ ನನ್ನ ಒತ್ತಾಯ. ಬಿಸಿಲು ತಾಳುತ್ತದೆ, ಮಳೆ ಎಂಟು ದಿನ ತಪ್ಪಿದರೂ ಸಾಯುವುದಿಲ್ಲ, ಐದಾರು ವಾರಕ್ಕೆ ತುದಿ ಚಿವುಟಿದರೆ ಮತ್ತೆ ಚಿಗುರುತ್ತದೆ. ಆ ಹುಳಿ ಪಲ್ಯ ರೊಟ್ಟಿ ಜೊತೆ ಮನೆಯ ತಾಟಿಗೆ ಬಂದ ದಿನ ತಾಯಿ ತಂದೆ ತೋಟದ ಪರ ಆಗುತ್ತಾರೆ.

ಬದನಿ, ಮೆಣಸಿನ ಬೀಜ ಜುಲೈನಲ್ಲಿ ಸಸಿ ಮಡಿಗೆ ಹಾಕಿ, ಐದು ವಾರದ ಸಸಿಯನ್ನು ಸಂಜೆ ಹೊತ್ತು ನಾಟಿ ಮಾಡಿ. ಬದನಿಗೆ ಎರಡು ಅಡಿ, ಮೆಣಸಿಗೆ ಒಂದೂವರೆ ಅಡಿ ಅಂತರ.

ಅಕ್ಟೋಬರ್‌ನಿಂದ ಚಳಿ ಶುರುವಾದಂತೆ ಮೆಂತೆ, ಕೊತ್ತಂಬರಿ, ಪಾಲಕ್, ಮೂಲಂಗಿ. ಮೆಂತೆ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ನಾಲ್ಕು ವಾರಕ್ಕೆ ಕೊಯ್ಯಬಹುದು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು.

ಒಂದು ಮಡಿ ಕಡ್ಲಿಗೆ ಮೀಸಲಿಡಿ. ಬೆಳಗಿನ ಜಾವ ಎಲೆ ಮುಟ್ಟಿದ ಬೆರಳನ್ನು ನಾಲಿಗೆಗೆ ಇಟ್ಟರೆ ಹುಳಿ. ಎಲೆಯ ಸಣ್ಣ ಕೂದಲುಗಳು ಆಮ್ಲ ಸುರಿಸುತ್ತವೆ. ರಾತ್ರಿ ಬೆಳೆ ಮೇಲೆ ಬಿಳಿ ಬಟ್ಟೆ ಹಾಸಿ ಮುಂಜಾನೆ ಆ ಹುಳಿ ಹಿಂಡಿಕೊಳ್ಳುವುದು ಹಿರಿಯರಿಗೆ ಗೊತ್ತು. ಒಂದೂವರೆ ತಿಂಗಳಿಗೆ ಒಂದು ಗಿಡ ಮೆಲ್ಲಗೆ ಅಗೆದು ಬೇರು ತೊಳೆಯಿರಿ. ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ಕೆಂಪು ಬಣ್ಣ ಇದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಅಂತ ಅರ್ಥ. ಪುಸ್ತಕದ ಚಿತ್ರದಲ್ಲಿ ನೋಡಿದ್ದನ್ನು ಕೈಯಲ್ಲಿ ಹಿಡಿದ ಮಕ್ಕಳು ಮರೆಯುವುದಿಲ್ಲ.

ಹಂತ 7: ತೋಟದ ಪುಸ್ತಕ

ಪ್ರತಿ ಮಡಿಗೆ ಒಂದು ನೋಟ್‌ಬುಕ್. ತಾರೀಖು, ಏನು ಮಾಡಿದೆವು, ಏನು ನೋಡಿದೆವು, ಯಾಕೆ ಹೀಗಾಗಿರಬಹುದು. ಚಿತ್ರ ಬಿಡಿಸಿದರೆ ಇನ್ನೂ ಒಳ್ಳೆಯದು.

ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯನ್ನು ಬಯಲಲ್ಲಿಟ್ಟರೆ ಅದೇ ಮಳೆಮಾಪಕ. ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆಯಿರಿ, ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಬೇವು, ಹುಣಸೆ ಮರ ಪಕ್ಕದಲ್ಲಿದ್ದರೆ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ನೋಡಿ ಬರೆಯಲಿ. ಸೀಸನ್‌ವಾಚ್ ಎಂಬ ಯೋಜನೆಗೆ ದೇಶದ ಬೇರೆ ಬೇರೆ ಕಡೆಯ ಶಾಲೆ ಮಕ್ಕಳು ಹೀಗೇ ಬರೆದು ಕಳಿಸುತ್ತಾರೆ, ನಿಮ್ಮವರೂ ಸೇರಬಹುದು.

ಹುಳ ಬಿದ್ದಾಗ ಗಾಬರಿ ಬೇಡ. ಚವಳಿ ತುದಿಗೆ ಕಪ್ಪು ಹೇನು ಮುತ್ತಿದರೆ ಎರಡು ದಿನ ಕಾದು ನೋಡಿ, ಗುಲಗಂಜಿ ಹುಳ ಬಂದು ತಿನ್ನತೊಡಗುತ್ತದೆ. ಅದರ ಮರಿ ನೋಡಲು ತಾಯಿಯ ಹಾಗಿರುವುದಿಲ್ಲ, ಗೊತ್ತಿಲ್ಲದವರು ಅದನ್ನೇ ಕೊಲ್ಲುತ್ತಾರೆ. ಮೊದಲು ಗುರುತಿಸಲು ಕಲಿಸಿ. ಬದನಿ ತುದಿ ಬಾಡಿ ಜೋತರೆ ಒಳಗೆ ಕೊರಕ ಇದೆ, ಅಷ್ಟು ತುದಿ ಕತ್ತರಿಸಿ ದೂರ ಸುಡಿ. ಹುಳ ಮಿತಿ ಮೀರಿದರೆ ಬೇವಿನ ಬೀಜದ ಕಷಾಯ: ಬೀಜದ ತಿರುಳು 50 ಗ್ರಾಂ ಪುಡಿ ಮಾಡಿ 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಕಲಸಿ ಸಂಜೆ ಸಿಂಪಡಿಸಿ. ಬೇವಿನ ಹಣ್ಣು ಜೂನ್ ಜುಲೈನಲ್ಲಿ ಉದುರುತ್ತದೆ, ಆಗಲೇ ಆರಿಸಿ ಒಣಗಿಸಿಡಿ. ಅಂಗಡಿಯ ಕೀಟನಾಶಕ ಈ ತೋಟದೊಳಗೆ ಬರಲೇಬಾರದು.

ಸದೆ ತೆಗೆಯುವಾಗ ಕಾಂಗ್ರೆಸ್ ಕಸವನ್ನು (ಪಾರ್ಥೇನಿಯಂ ಕಳೆ) ಹೂ ಬಿಡುವ ಮೊದಲೇ, ಕೈಗೆ ಗ್ಲೌಸ್ ಹಾಕಿ ಕೀಳಬೇಕು. ಮೈ ಕಡಿತ, ಉಬ್ಬಸ ಎರಡನ್ನೂ ಅದು ತರುತ್ತದೆ.

ಹಂತ 8: ಪರೀಕ್ಷೆ ಮತ್ತು ಬೇಸಿಗೆ

ಫೆಬ್ರುವರಿ ಬಂದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ಬರುವುದಿಲ್ಲ. ಬರಬೇಕು ಅಂತ ನಿರೀಕ್ಷಿಸುವುದೂ ತಪ್ಪು. 7, 8ನೇ ತರಗತಿಯವರಿಗೆ ಸರದಿ ಕೊಡಿ. ಮಾರ್ಚ್ ಹೊತ್ತಿಗೆ ಮಡಿಗಳನ್ನು ಮೂರಕ್ಕೆ ಇಳಿಸಿ, ಉಳಿದವನ್ನು ಅಗೆದು ಬಿಸಿಲಿಗೆ ಬಿಡಿ. ಕಾದ ಮಣ್ಣಿನಲ್ಲಿ ಹುಳದ ಕೋಶ, ಕಳೆ ಬೀಜ ಎಷ್ಟೋ ಸಾಯುತ್ತವೆ. ಉಳಿಸಿದ ಮಡಿಗೆ ನಾಲ್ಕು ಬೆರಳು ದಪ್ಪ ನೆಲ್ಲು ಹುಲ್ಲು ಹೊದಿಸಿ. ನುಗ್ಗೆ, ಕರಿಬೇವಿಗೆ ವಾರಕ್ಕೆರಡು ಕೊಡ ಸಾಕು.

ಎನ್‌ಎಸ್‌ಎಸ್‌ನವರು ಎರಡು ವರ್ಷದಲ್ಲಿ 240 ತಾಸು ಸೇವೆ ತೋರಿಸಬೇಕು. ತೋಟದ ಹಾಜರಿಯನ್ನು ಅದಕ್ಕೆ ಸೇರಿಸಬಹುದಾ ಅಂತ ಕಾರ್ಯಕ್ರಮ ಅಧಿಕಾರಿಯನ್ನು ವರ್ಷದ ಶುರುವಿಗೇ ಕೇಳಿ.

ಹಂತ 9: ಹಂಚಿಕೆ ಮತ್ತು ಬೀಜ

ಕೊಯ್ಲಿನ ಹಂಚಿಕೆಯನ್ನು ಬಿತ್ತುವ ದಿನವೇ ಮಾತಾಡಿ ಬರೆದಿಡಿ. ಅರ್ಧ ಬೆಳೆದವರ ಮನೆಗೆ, ಅರ್ಧ ಅಂಗನವಾಡಿಗೆ ಮತ್ತು ಓಣಿಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಅನ್ನುವುದು ಒಂದು ರೀತಿ. ತೂಕ ಮಾಡಿ ಬರೆದು, ಅಂದಿನ ಸಂತೆ ದರದಿಂದ ಗುಣಿಸಿದರೆ ತೋಟದ ಲೆಕ್ಕಪತ್ರ ಸಿಗುತ್ತದೆ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸೀಮೆ ನಮ್ಮದು. ಅವತ್ತು ಎಲ್ಲ ಮನೆಯವರೂ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಬರಲಿ, ಮಡಿಯ ಬಗ್ಗೆ ಮಕ್ಕಳೇ ವಿವರಿಸಲಿ.

ಬೀಜಕ್ಕೆ ಅಂತ ಪ್ರತಿ ಬೆಳೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಎರಡು ಗಿಡ ಆರಿಸಿ ದಾರ ಕಟ್ಟಿ, ಅದರ ಕಾಯಿ ಕೊಯ್ಯಬೇಡಿ. ಅಂಗಡಿಯಿಂದ ತಂದ ಹೈಬ್ರಿಡ್ ಬೀಜದ ಗಿಡ ಇದಕ್ಕೆ ಬರುವುದಿಲ್ಲ, ಜವಾರಿಯೇ ಆಗಬೇಕು. ಬದನಿ ಹಳದಿಗೆ ತಿರುಗುವವರೆಗೆ, ಚವಳಿ ಮತ್ತು ಪುಂಡಿ ಗಿಡದಲ್ಲೇ ಒಣಗುವವರೆಗೆ ಬಿಡಿ. ಬೀಜ ನೆರಳಲ್ಲಿ ಆರಿಸಿ, ಒಲೆ ಬೂದಿ ಕಲಸಿ, ಗಾಜಿನ ಬಾಟಲಿಗೆ ತುಂಬಿ. ಮೇಲೆ ಬೆಳೆಯ ಹೆಸರು, ಕೊಯ್ದ ತಿಂಗಳು, ಬೆಳೆದವರ ಹೆಸರು ಬರೆದು ಅಂಟಿಸಿ. ತಂಪಾದ, ಇಲಿ ಹೋಗದ ಒಂದು ಮನೆಯಲ್ಲಿ ಇಡಿ. ಮೇ ಕೊನೆಗೆ ರೋಹಿಣಿ ಮಳೆ ಹೊತ್ತಿಗೆ ತೆಗೆದು, ಪ್ರತಿ ಬಾಟಲಿಯಿಂದ 20 ಬೀಜ ಒದ್ದೆ ಬಟ್ಟೆಗೆ ಹಾಕಲು ಆ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಹೇಳಿ. ಹೇಗೆ ಎಣಿಸುವುದು ಅಂತ ಹೋದ ವರ್ಷದವರು ತೋರಿಸಲಿ.